ಅರಿಶಿನದ ಹಾಡಿನ ನಡುವೆ ಗಿರಣಿ

ಗೆಳೆಯರೇ, ಮದುವೆ ವಿಡಿಯೊಗಳಲ್ಲಿ ತುಟಿಗೂ ಹಾಡಿಗೂ ಜೋಡಿ ಹಾಕುವ ಕೆಲಸ ಇವತ್ತು ಯಾಕೋ ಬೇಸರ ತಂದಿತು. ಮದುವೆ ನಡೆದದ್ದು ಗಂಗಾವತಿಯಲ್ಲಿ, ಅಕ್ಕಿ ಗಿರಣಿಯ ಪಕ್ಕದ ಮನೆಯಲ್ಲಿ. ಅರಿಶಿನ ಹಚ್ಚುವಾಗ ಮದುಮಗಳ ದೊಡ್ಡವ್ವ ಹಾಡಿದ ಸೋಬಾನೆ ಪದ ಗಿರಣಿಯ ಸದ್ದಿನಲ್ಲಿ ಮುಳುಗಿಹೋಗಿತ್ತು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಇವರೇ. ಗಂಡನ ಮನೆಗೆ ಹೋದವಳು ಆ ಹಾಡು ಬೇಕೇ ಬೇಕು ಎಂದಿದ್ದಾಳೆ. ಹಾಗಾಗಿ ದೊಡ್ಡವ್ವ ನನ್ನ ಸ್ಟುಡಿಯೊಗೆ ಬಂದು ಅದನ್ನೇ ಮತ್ತೆ ಹಾಡಿದರು.

ವಿಡಿಯೊಗೆ ಕೂಡಿಸಿ ತೋರಿಸಿದೆ. ಮೊದಲ ನುಡಿ ಹೇಗೋ ಕೂತಿತು. ಎರಡನೆಯ ನುಡಿಯ ನಡುವೆ, ಪರದೆಯ ಮೇಲಿನ ದೊಡ್ಡವ್ವ ಹುಡುಗಿಯ ಗಲ್ಲಕ್ಕೆ ಅರಿಶಿನ ಹಚ್ಚುತ್ತ ತುಟಿ ಬಿಗಿಹಿಡಿದು ಅಳುತ್ತಿದ್ದರು. ಹಾಡು ಮಾತ್ರ ಮುಂದೆ ಸಾಗಿತ್ತು.

“ಇದೇನೋ ತಮ್ಮಾ, ನಾ ಅಳಾಕತ್ತೀನಿ, ಹಾಡು ತನ್ನಷ್ಟಕ್ಕ ತಾ ಹೊಂಟೈತಿ” ಎಂದರು.

“ಇನ್ನೊಮ್ಮೆ ಹಾಡ್ರಿ ಅವ್ವಾ. ಅಲ್ಲಿಗೆ ಬಂದಾಗ ಒಂಚೂರು ಅತ್ತಬಿಡ್ರಿ, ಹೊಂದತೈತಿ” ಎಂದೆ.

“ಹಾಡಂದ್ರ ಹತ್ತು ಸಲ ಹಾಡ್ತೀನಿ. ನಿನ್ನ ಮಾರಿ ನೋಡಿದ್ರ ಅಳು ಹೆಂಗ ಬರಬೇಕು?”

ಅವರು ಹೋದ ಮೇಲೆ ಆ ಅಳುವಿನ ಜಾಗದಲ್ಲಿ ಹಾಡನ್ನು ಕತ್ತರಿಸಿದೆ. ಖಾಲಿಯಾದಲ್ಲಿ ಅಂದಿನ ಗಿರಣಿ ಸದ್ದನ್ನೇ ಮರಳಿ ತುಂಬಿದೆ. ಇಡೀ ವಿಡಿಯೊದಲ್ಲಿ ಅವರ ತುಟಿಗೆ ಸರಿಯಾಗಿ ಹೊಂದಿದ್ದು ಅದೊಂದೇ.