ತೆಗ್ಗಿನಲ್ಲಿ ಹಾಸಿದ ದಸ್ತಿ

ಪಲ್ಲವಿ, ಸಂಗಮೇಶ,

ಹೋದ ವಾರ ನಾವೆಲ್ಲ ಬಾಗಲಕೋಟೆಯಿಂದ ಹುನಗುಂದಕ್ಕೆ ಬರುವಾಗ ಬಸ್ಸಿನ ಕಿಟಕಿ ಪಕ್ಕದ ಸೀಟಿನ ಮೇಲೆ ಒಂದು ದಸ್ತಿ ಹಾಸಿತ್ತಲ್ಲ, ಬಿಳಿ ಕರವಸ್ತ್ರ, ನೀಲಿ ಅಂಚಿನದು. ಯಾರೋ ಹೊರಗಿನಿಂದ ಕೈ ತೂರಿಸಿ ಜಾಗ ಹಿಡಿದಿದ್ದರು. ಬಸ್ಸು ಬಿಟ್ಟಿತು, ದಸ್ತಿಯವರು ಬರಲಿಲ್ಲ. ಮಂದಿ ಒಬ್ಬರ ಮೇಲೊಬ್ಬರು ನಿಂತಿದ್ದರೂ ಅದನ್ನು ಸರಿಸಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ನಿಮ್ಮ ಅಪ್ಪ ಕೈ ಚಾಚಿದ. ನಾನು ಅವನ ರಟ್ಟೆ ಹಿಡಿದು ಎಳೆದೆ. "ಯಾಕವ್ವಾ?" ಎಂದ. ನಾನು ಕೈ ಬಿಡಲಿಲ್ಲ. ತಲೆಗೂದಲು ಬೆಳ್ಳಗಾದ ಮಗ ಹುನಗುಂದದ ತನಕ ನಿಂತೇ ಬಂದ. "ಆಯಿಗೆ ದಸ್ತಿ ಅಂದ್ರ ಅಂಜಿಕಿ" ಎಂದು ನೀವಿಬ್ಬರೂ ನಕ್ಕಿರಿ.

ಅಂಜಿಕೆ ಖರೆಯೇ. ನನಗೆ ಮಂದಿಯ ಮುಂದೆ ಬಾಯಿ ಬರುವುದಿಲ್ಲ, ಮನೆಯವರ ಮುಂದೆಯೂ ಅಷ್ಟಕ್ಕಷ್ಟೇ. ಹಳ್ಳಿಯ ಶಾಲೆಯಲ್ಲಿ ಏಳನೆಯ ತನಕ ಕಲಿತಿದ್ದೇನೆ. ಬರೆದರೆ ಹೇಗೋ ಸಾಗುತ್ತದೆ. ಅದಕ್ಕೇ ಕುಳಿತಿದ್ದೇನೆ.

ನಾನು ಮದುವೆಯಾಗಿ ಬಂದಾಗ ನಮ್ಮ ಹೊಲ ಮಲಪ್ರಭೆಯ ದಂಡೆಗೆ ಇತ್ತು. ಎರೆ ಭೂಮಿ, ಕಪ್ಪು ಮಣ್ಣು. ಚಳಿಗಾಲದಲ್ಲಿ ಕಡಲೆ ಬಿತ್ತುತ್ತಿದ್ದರು. ಕಡಲೆ ಚಿಗುರುವ ಹೊತ್ತಿಗೆ ಎಲ್ಲಿಂದಲೋ ದೊಡ್ಡ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಇಳಿಯುತ್ತಿದ್ದವು. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಊರವರು ಅವನ್ನು ಕಡ್ಲಿ ಕೊಕ್ಕರೆ ಎನ್ನುತ್ತಿದ್ದರು. ಗಂಟಲೊಳಗೆ ಏನೋ ಉರುಳಿಸಿದ ಹಾಗೆ ಕೂಗುತ್ತಿದ್ದವು. ಆ ಕೂಗು ಮೊದಲು ಕೇಳುತ್ತಿತ್ತು, ಹಕ್ಕಿ ಆಮೇಲೆ ಕಾಣುತ್ತಿತ್ತು…

ಅವುಗಳ ಹಿಂದೆಯೇ ಮಾಸ್ತರರು ಬರುತ್ತಿದ್ದರು. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ನಿಮ್ಮ ಅಜ್ಜ ಅವರ ಕೈಯಲ್ಲಿ ಕಲಿತವರು, ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಕ್ಯಾಮೆರಾ ಹೊತ್ತ ಇಬ್ಬರು ಮೂವರು ಪರವೂರಿನವರನ್ನು ಪ್ರತಿ ಚಳಿಗಾಲ ಕರೆದುಕೊಂಡು ತಿರುಗುವುದು ಅವರ ಹುಚ್ಚು. ಮೊದಲ ದಿನ ಬಾದಾಮಿಯ ಕೆಂಪು ಬಂಡೆಗಳ ಹದ್ದು, ಗಿಡುಗ. ಮರುದಿನ ಮಹಾಕೂಟದ ಹೊಂಡದ ಮೇಲಿನ ಮಿಂಚುಳ್ಳಿ. ಕೊನೆಗೆ ಬಾಡಿಗೆ ಜೀಪಿನಲ್ಲಿ ನಮ್ಮ ಕಡಲೆ ಹೊಲ.

ಹೊಲದ ಆ ತುದಿಗೆ ನಿಮ್ಮ ಅಜ್ಜ ಒಂದು ತೆಗ್ಗು ತೋಡಿಕೊಟ್ಟಿದ್ದರು. ಒಬ್ಬ ಮನುಷ್ಯ ಕುಳಿತರೆ ತಲೆಯಷ್ಟೇ ನೆಲದ ಮಟ್ಟಕ್ಕೆ ಬರುವಷ್ಟು ಆಳ. ಒಳಗೆ ಕೂರಲು ಮಣ್ಣಿನಲ್ಲೇ ಕಡಿದ ಕಟ್ಟೆ. ಕ್ಯಾಮೆರಾದ ಸಾಮಾನು ಇಡಲು ಗೋಡೆಯಲ್ಲಿ ಒಂದು ಗೂಡು. ಮೇಲೆ ಮುಚ್ಚಲು ಬಟ್ಟೆ ಬೇಕೆಂದರು. ಎರೆ ಮಣ್ಣಿನ ಬಣ್ಣದ ನನ್ನದೊಂದು ಹಳೆಯ ಇಳಕಲ್ ಸೀರೆ ಇತ್ತು, ಕೊಟ್ಟೆ. ಕೆಂಪು ಕಂಡರೆ ಹಕ್ಕಿ ಹೆದರುತ್ತವೆಂದು ಸೆರಗನ್ನು ಕತ್ತರಿಸಿ ನನ್ನ ಕೈಗೇ ವಾಪಸು ಕೊಟ್ಟರು. ಸೀರೆಯ ಮೇಲೆ ಜೋಳದ ಒಣ ದಂಟು, ಕಣಿಕೆ, ಹರಡಿದರೆ ಅಲ್ಲೊಂದು ತೆಗ್ಗಿದೆ ಎಂದು ಹತ್ತಿರ ಹೋದರೂ ತಿಳಿಯುತ್ತಿರಲಿಲ್ಲ.

ಆದರೆ ಮನುಷ್ಯ ಒಳಗೆ ಇಳಿಯುವುದನ್ನು ಕಂಡರೆ ಹಕ್ಕಿಗಳು ಆ ದಿನವೆಲ್ಲ ಹತ್ತಿರ ಬರುವುದಿಲ್ಲ. ಅದಕ್ಕೆ ಮಾಸ್ತರರಲ್ಲಿ ಒಂದು ಉಪಾಯವಿತ್ತು. ಇಬ್ಬರು ಹೋಗಬೇಕು, ಒಬ್ಬರು ತಿರುಗಿ ಬರಬೇಕು. ತಿರುಗಿ ಹೊರಟವರನ್ನು ನೋಡಿ, ಎಲ್ಲರೂ ಹೋದರು ಎಂದುಕೊಂಡು ಹಕ್ಕಿಗಳು ಇಳಿಯುತ್ತಿದ್ದವು. "ಅವಕ್ಕ ಎಲ್ಲಾ ತಿಳೀತೈತಿ ತಂಗೆವ್ವ, ಲೆಕ್ಕ ಒಂದ ಬರೂದಿಲ್ಲ. ನನ್ನ ಸಾಲಿ ಹುಡುಗೂರಂಗ" ಎನ್ನುತ್ತಿದ್ದರು. ಬುಟ್ಟಿ ಹಿಡಿದು ಕಳೆ ಕೀಳುವ ಹೆಂಗಸರಿಗೆ ಹಕ್ಕಿಗಳು ಅಷ್ಟು ಅಂಜುತ್ತಿರಲಿಲ್ಲ. ಹಾಗಾಗಿ ತಿರುಗಿ ಬರುವ ಆ ಕೆಲಸ ನನ್ನ ಪಾಲಿಗೆ ಬಂತು.

ಹೇಳುವುದಕ್ಕೆ ಸುಲಭದ ಕೆಲಸ. ಅವರು ಇಳಿದು ಕೂರುತ್ತಿದ್ದರು. ನಾನು ಸೀರೆ ಎಳೆದು ಕಣಿಕೆ ಮುಚ್ಚುತ್ತಿದ್ದೆ. "ಹೊಳ್ಳಿ ನೋಡಬ್ಯಾಡ" ಎಂದು ಒಳಗಿನಿಂದ ದನಿ ಬರುತ್ತಿತ್ತು. ನಾನು ನಡೆಯುತ್ತಿದ್ದೆ. ಈಗಷ್ಟೇ ನನ್ನೊಡನೆ ಮಾತಾಡಿದ ಮನುಷ್ಯ ನೆಲದೊಳಗೆ ಕುಳಿತು ಸುಮ್ಮನಾಗಿಬಿಟ್ಟಿದ್ದಾನೆ, ಬೆನ್ನ ಹಿಂದೆ ಬರೀ ಬಯಲು… ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೂಡು ಕಡಿದ ತೆಗ್ಗಿನಲ್ಲಿ ಕುಳ್ಳಿರಿಸುತ್ತೇವೆ ಎಂಬುದು ನಿಮಗೂ ಗೊತ್ತು. ಮಣ್ಣು ಕೊಟ್ಟು ಬರುವವರು ಹೊರಳಿ ನೋಡಬಾರದು ಎಂದು ನನ್ನ ತವರಿನ ಹಿರಿಯರು ಹೇಳುತ್ತಿದ್ದರು. ಪ್ರತಿ ಸಲ ಹೊಲದಂಚಿನ ಒಡ್ಡು ಮುಟ್ಟುವತನಕ ಬಿರಬಿರನೆ ನಡೆಯುತ್ತಿದ್ದೆ. ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಹೋಗಿ, ಕಣಿಕೆಯ ಹತ್ತಿರ ನಿಂತು, "ಮಾಸ್ತರ್ರೀ, ಬಂದೇನ್ರಿ" ಎನ್ನುತ್ತಿದ್ದೆ. ಒಮ್ಮೊಮ್ಮೆ ಉತ್ತರ ತಡವಾಗುತ್ತಿತ್ತು. ಆ ತಡವನ್ನು ನಾನು ಇನ್ನೂ ಮರೆತಿಲ್ಲ.

ಮೂರು ಚಳಿಗಾಲ ಹೀಗೆ ಹೋದವು. ಮಳೆಗೆ ಕುಸಿದ ತೆಗ್ಗನ್ನು ನಿಮ್ಮ ಅಜ್ಜ ಪ್ರತಿ ವರ್ಷ ಮತ್ತೆ ಹಸನು ಮಾಡಿಕೊಡುತ್ತಿದ್ದರು. ಆ ಮೂರು ವರ್ಷದಲ್ಲಿ ನನ್ನ ಎರಡು ಕೂಸು ಹೋದವು. ಮೊದಲಿನದು ಏಳು ತಿಂಗಳಿಗೇ ಹುಟ್ಟಿ ಉಳಿಯಲಿಲ್ಲ. ಎರಡನೆಯದು ಒಂಬತ್ತು ದಿನ ಇತ್ತು. ನಾಲ್ಕನೆಯ ಚಳಿಗಾಲದಲ್ಲಿ ನಾನು ಮತ್ತೆ ಐದು ತಿಂಗಳ ಬಸುರಿ.

ಆ ವರ್ಷ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುತ್ತ, ಎಂದರೆ ಭೂಮಿತಾಯಿಗೆ ಎಡೆಯ ತುತ್ತು ಎರಚುತ್ತ, ನನ್ನ ಅತ್ತೆ ಆ ತುದಿಗೆ ಹೋದರು. ಮಾಸ್ತರರು ಮರುದಿನ ಬರುವವರಿದ್ದರಿಂದ ತೆಗ್ಗಿನ ಮೇಲಿನದೆಲ್ಲ ತೆಗೆದು ಒಣಗಲು ಬಿಟ್ಟಿದ್ದೆವು. ಅತ್ತೆ ಬಗ್ಗಿ ನೋಡಿದರು. ಚರಗದ ಬುಟ್ಟಿಯನ್ನು ಕೆಳಗಿಟ್ಟರು.

"ಇದೇನ ಹಕ್ಕಿ ನೋಡೂ ತೆಗ್ಗೋ, ಮನಶ್ಯಾರನ್ನ ಕುಂಡ್ರಸೂ ತೆಗ್ಗೋ? ಕಟ್ಟಿ ಐತಿ. ಗೂಡ ಐತಿ. ಇನ್ನ ಇಬತ್ತಿ ಹಚ್ಚೂದೊಂದ ಬಾಕಿ."

ಹೆಣಕ್ಕೆ ಹಚ್ಚುವ ವಿಭೂತಿಯ ಮಾತು ಬಂದ ಕೂಡಲೇ ನಾನು ಬುಟ್ಟಿ ಎತ್ತಿಕೊಂಡೆ.

"ತೋಡಿದ ತೆಗ್ಗು ಸುಮ್ನ ಇರೂದಿಲ್ಲ ಹುಡುಗಿ, ಹಾದಿ ನೋಡ್ತೈತಿ. ಎರಡ ಕೂಸ ಹ್ವಾದ್ವು. ಇನ್ನೂ ತಿಳೀವಲ್ದ ನಿನಗ? ನಾಳಿ ಆ ಮಾಸ್ತರ ಹ್ವಾದ ಮ್ಯಾಲ ಒಳಗ ಮನಶ್ಯಾನ ಬದ್ಲಿ ಒಂದ ಕಲ್ಲ ಕುಂಡ್ರಿಸಿ ಮುಚ್ಚಿಬಿಡು. ನಿನ್ನ ಕೈಲೇ ಮುಚ್ಚಬೇಕ."

ಹೂಂ ಎಂದೆ. ಅತ್ತೆ ಕೆಟ್ಟವರಲ್ಲ. ಆ ಎರಡು ಕೂಸುಗಳನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡುವ ದಿನ ನನಗಿಂತ ಹೆಚ್ಚು ಅತ್ತವರು ಅವರೇ.

ಮರುದಿನ ಮುಂಜಾನೆ ಜೀಪು ಬಂತು. ಮಾಸ್ತರರ ಜೊತೆ ಹುಬ್ಬಳ್ಳಿ ಕಡೆಯ ಇಬ್ಬರಿದ್ದರು. ಒಬ್ಬರು ದೊಡ್ಡ ಮೈಯ ವಕೀಲರು. ಒಡ್ಡಿನ ಮೇಲೆ ಕುಳಿತು ಚಹಾ ಕುಡಿಯುತ್ತ, "ಹಕ್ಕಿ ಬರೂದು ಗ್ಯಾರಂಟಿ ಏನ್ರಿ ಮಾಸ್ತರ?" ಎಂದು ಅವರು ಕೇಳಿದರು.

"ನಮ್ಮ ಕಡೆ ಬಸ್ಸು ಬರೂದ ಗ್ಯಾರಂಟಿ ಇಲ್ಲ, ಹಕ್ಕಿದು ಹೆಂಗ ಕೊಡ್ಲಿ ಸಾಹೇಬ್ರ?"

"ಹಂಗಾದ್ರ ಮೊದಲ ನಾ ಇಳೀತೇನಿ ತೆಗ್ಗಿನ್ಯಾಗ."

"ನಿಮ್ಮನ್ನ ಇಳಸಾಕ ನಾ ಒಬ್ಬ ಸಾಕು. ಎತ್ತಾಕ ನಾಕ ಮಂದಿ ಬೇಕು. ಇವತ್ತ ನಾನ ಹೋಗ್ತೇನಿ, ನೀವು ಒಡ್ಡಿನ ಮ್ಯಾಲಿಂದ ದುರ್ಬೀನ ಹಚ್ಚಿ ನೋಡ್ರಿ."

ಎಲ್ಲರೂ ನಕ್ಕರು. ನಾನು ಬುಟ್ಟಿ ಹಿಡಿದು ಮಾಸ್ತರರ ಜೊತೆ ನಡೆದೆ. ಅರ್ಧ ಹೊಲ ದಾಟಿದ ಮೇಲೆ, ಎಲ್ಲಿಂದ ಧೈರ್ಯ ಬಂತೋ, ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಎರಡು ಕೂಸಿನ ಮಾತನ್ನೂ ಹೇಳಿದೆ. ಮಾಸ್ತರರು ನಡೆಯುವುದನ್ನು ನಿಲ್ಲಿಸಿದರು.

"ನಿಮ್ಮತ್ತಿ ಮಾತು ನನಗ ಖರೆ ಅನ್ಸೂದಿಲ್ಲ ತಂಗೆವ್ವ. ಆದ್ರ ನಿನಗ ಅನ್ಸೈತಿ."

ತೆಗ್ಗಿನ ಹತ್ತಿರ ಬಂದೆವು. ಅವರು ಒಳಗೆ ಇಳಿದರು. ಜೇಬಿನಿಂದ ದಸ್ತಿ ತೆಗೆದು, ಝಾಡಿಸಿ, ಮಣ್ಣಿನ ಕಟ್ಟೆಯ ಮೇಲೆ ಹಾಸಿದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಹೆಂಟೆ ಇಟ್ಟರು. ಬಿಳಿ ದಸ್ತಿ, ನೀಲಿ ಅಂಚು.

"ಕೆರೂರ ಬಸ್ಸಿನ್ಯಾಗ ಜಾಗಾ ಹಿಡದಂಗ ಹಿಡದೇನಿ ನೋಡು. ಇನ್ನ ಇದು ಖಾಲಿ ಇಲ್ಲ, ಯಾರ ಹಾದೀನೂ ನೋಡೂದಿಲ್ಲ. ನಿಮ್ಮತ್ತಿ ಕೇಳಿದ್ರ ಮಾಸ್ತರಂದು ರಿಜರ್ವ ಆಗೇತಿ ಅಂತ ಹೇಳು."

ನನಗೂ ನಗು ಬಂತು. ಅವರು ದಸ್ತಿಯ ಮೇಲೆ ಕುಳಿತರು. ನಾನು ಸೀರೆ ಎಳೆದೆ, ಕಣಿಕೆ ಮುಚ್ಚಿದೆ, ಹೊರಳಿ ನೋಡದೆ ಬಂದೆ. ಆ ದಿನ ಹಕ್ಕಿಗಳು ಎಂದೂ ಬರದಷ್ಟು ಹತ್ತಿರ ಬಂದಿದ್ದವಂತೆ. ಒಂದು ಹಕ್ಕಿ ಕಣಿಕೆಯನ್ನೇ ಕೊಕ್ಕಿನಿಂದ ಎಳೆದಿತ್ತಂತೆ. ಫೋಟೋ ತೊಳೆಸಿ ಕೊಡುತ್ತೇನೆ, ಮನೆಯಲ್ಲಿ ಹಾಕಿಕೊಳ್ಳಿ ಎಂದು ಹೇಳಿ ಮಾಸ್ತರರು ಜೀಪು ಹತ್ತಿದರು.

ಹೊತ್ತು ಇಳಿಯುವಾಗ ನಾನು ಸಲಿಕೆ ಹಿಡಿದು ಒಬ್ಬಳೇ ಹೋದೆ. ಒಂದು ಕಲ್ಲನ್ನೂ ಆರಿಸಿ ತಂದಿದ್ದೆ. ಕಣಿಕೆ ಸರಿಸಿದೆ. ದಸ್ತಿ ಅಲ್ಲೇ ಇತ್ತು. ನಾಲ್ಕು ಹೆಂಟೆಯೂ ಇದ್ದವು. ಮರೆತು ಹೋದರೋ, ನನ್ನ ಸಲುವಾಗಿ ಬಿಟ್ಟು ಹೋದರೋ, ಇಂದಿಗೂ ತಿಳಿಯದು.

ಕಲ್ಲು ಕೂರಿಸಬೇಕಾದರೆ ದಸ್ತಿ ಎತ್ತಬೇಕು. ಬಗ್ಗಿ ಕೈ ಚಾಚಿದೆ. ಆಗಲೇ ಹೊಟ್ಟೆಯಲ್ಲಿ ಕೂಸು ಮಿಸುಕಾಡಿತು, ಅದೇ ಮೊದಲ ಸಲ. ನನ್ನ ಕೈ ಹಿಂದಕ್ಕೆ ಬಂತು.

ಆಗ ನಾನು ಏನು ಯೋಚಿಸಿದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇದು ಮಾಸ್ತರರು ಹಿಡಿದ ಜಾಗ, ನನ್ನ ಕೂಸಿನದಲ್ಲ, ಹಿಡಿದಂತೆಯೇ ಇರಲಿ ಎಂದುಕೊಂಡೆ. ಮಾಸ್ತರರು ನಗುತ್ತ ಹಾಸಿದ್ದರು. ನಾನು ಅದನ್ನು ಅಲ್ಲೇ ಬಿಟ್ಟದ್ದು ನಗುತ್ತ ಅಲ್ಲ.

ಕಲ್ಲನ್ನು ನದಿಗೆ ಎಸೆದೆ. ಸೀರೆ ಎಳೆದು, ಕಣಿಕೆ ಹರಡಿ, ಮೇಲೆ ನಾಲ್ಕು ಬುಟ್ಟಿ ಮಣ್ಣು ಸುರಿದು ಮನೆಗೆ ಬಂದು, "ಮುಚ್ಚೇನ್ರಿ ಅತ್ತಿ" ಎಂದೆ. ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು.

ಬೇಸಿಗೆಯಲ್ಲಿ ತವರಿನಲ್ಲಿ ಹೆರಿಗೆಯಾಯಿತು. ನಿಮ್ಮ ಅಪ್ಪ ಹುಟ್ಟಿದ. ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು, ಕೂಸು ಹಾಲು ಕುಡಿದು ಗಟ್ಟಿಯಾಗಿ ಅಳುತ್ತಿತ್ತು. ಶಾಲೆ ಶುರುವಾದ ಕೂಡಲೇ ನಿಮ್ಮ ಅಜ್ಜ ಪೇಢೆ ಕೊಡಲೆಂದು ಬಾಗಲಕೋಟೆಗೆ ಮಾಸ್ತರರ ಹತ್ತಿರ ಹೋಗಿದ್ದರು. ಅಲ್ಲಿಂದ ಇಳಕಲ್ ಬಸ್ಸು ಹಿಡಿದು ನೇರ ನನ್ನ ತವರಿಗೆ ಬಂದರು. ಪೇಢೆಯ ಪೊಟ್ಟಣ ಬಿಚ್ಚದೆ ಕೈಯಲ್ಲೇ ಇತ್ತು.

"ಮಾಸ್ತರ ಹ್ವಾದ್ರು" ಎಂದರು. ಪೊಟ್ಟಣವನ್ನು ಕೆಳಗಿಟ್ಟು ಹೇಳಿದರು: "ಬೋರ್ಡ ಒರಸಿ ಖುರ್ಚಿ ಮ್ಯಾಲ ಕುಂತ್ರಂತ. ಹಂಗ ಹ್ವಾದ್ರಂತ. ಏನರ ವಿಚಾರ ಮಾಡಾಕತ್ತಾರ ಅಂತ ತಿಳದು ಹುಡುಗೂರು ಗಂಟಿ ಆಗೂತನಕ ಸುಮ್ನ ಕುಂತಿದ್ರಂತ."

ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಅಷ್ಟು ಒತ್ತಿದೆನೆಂದರೆ ಅದು ಅತ್ತುಬಿಟ್ಟಿತು. ಅತ್ತೆಯಂತೂ ಸಾಯುವತನಕ ಓಣಿಯ ಹೆಂಗಸರಿಗೆ, "ನಮ್ಮ ಸೊಸಿ ತನ್ನ ಕೈಲೇ ತೆಗ್ಗು ಮುಚ್ಚಿದ್ಲು, ಅದಕ್ಕ ಕೂಸು ಉಳೀತು" ಎಂದು ಹೇಳುತ್ತಿದ್ದರು. ನಾನು ಒಮ್ಮೆಯೂ ಅಲ್ಲವೆನ್ನಲಿಲ್ಲ. ನಿಮ್ಮ ಅಜ್ಜನಿಗೂ ಹೇಳಲಿಲ್ಲ.

ಮತ್ತೆ ಚಳಿ ಬಂತು, ಕಡಲೆ ಚಿಗುರಿತು. ಆಕಾಶದಲ್ಲಿ ಆ ಕೂಗು ಕೇಳಿದ ದಿನ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಸಲಿಕೆ ಬುಟ್ಟಿ ಹಿಡಿದು ಹೋದೆ. ಮಳೆಗೆ ಸೀರೆ, ಕಣಿಕೆ, ಮಣ್ಣು ಎಲ್ಲ ಒಳಗೆ ಕುಸಿದು ತೆಗ್ಗು ಅರ್ಧ ತುಂಬಿತ್ತು. ಕೈಯಿಂದ ಕೆದಕಿದೆ. ಸೀರೆಯ ಚೂರು ಸಿಕ್ಕವು. ದಸ್ತಿ ಸಿಗಲಿಲ್ಲ. ಕಟ್ಟೆ ಇದ್ದ ಕಡೆ ಮಣ್ಣು ಮಾತ್ರ ಯಾರೋ ಕುಳಿತು ಎದ್ದ ಹಾಗೆ ತಗ್ಗಾಗಿತ್ತು… ಎದ್ದ ಹಾಗೆ ಎನ್ನಲೂ ನನಗೆ ಧೈರ್ಯವಿಲ್ಲ.

ರೂಢಿಯ ಮೇಲೆ ಬಾಯಿಂದ ಬಂದುಬಿಟ್ಟಿತು: "ಮಾಸ್ತರ್ರೀ, ಬಂದೇನ್ರಿ."

ಮೊದಲಿನಂತೆಯೇ ಕಾದು ನಿಂತೆ. ಆಮೇಲೆ ನೆಲ ಸಮ ಆಗುವತನಕ ಬುಟ್ಟಿ ಬುಟ್ಟಿ ಮಣ್ಣು ಹಾಕಿದೆ. ಕಲ್ಲು ಕೂರಿಸಲಿಲ್ಲ. ಆ ಜಾಗ ಕಲ್ಲಿನದಾಗಿರಲಿಲ್ಲ.

ಒಡ್ಡಿನ ತನಕ ನಡೆದು ಬಂದು, ಆ ದಿನ ಮೊದಲ ಸಲ ಹೊರಳಿ ನೋಡಿದೆ. ಒಬ್ಬಳೇ ಹೋಗಿದ್ದೆ, ಒಬ್ಬಳೇ ಬಂದಿದ್ದೆ. ಹಿಂಡು ಮೇಲೆ ಸುತ್ತುತ್ತಿತ್ತು. ಕತ್ತು ಚಾಚಿ, ಕಾಲು ಇಳಿಬಿಟ್ಟು, ಮತ್ತೆ ಮೇಲೇರಿ, ಮತ್ತೆ ಸುತ್ತಿ… ಕೊನೆಗೆ ಇಳಿದವು. ಹೊಲವೆಲ್ಲ ಹಕ್ಕಿಯಾಯಿತು. ಆದರೆ ಆ ತೆಗ್ಗು ಇದ್ದ ಜಾಗದ ಸುತ್ತ ಒಂದು ಮಾರು ನೆಲವನ್ನು ಬಿಟ್ಟು ನಿಂತವು. ಅಲ್ಲಿಯೂ ಅದೇ ಕಡಲೆ ಇತ್ತು. ಒಂದೂ ಕಾಲಿಡಲಿಲ್ಲ. ಅವಕ್ಕೆ ಲೆಕ್ಕ ಬರುವುದಿಲ್ಲ ಎಂದು ಮಾಸ್ತರರು ಹೇಳಿದ್ದರು.

ಮರುವರ್ಷವೂ ಹಾಗೆಯೇ ನಿಂತವು. ಆಮೇಲೆ ಆಣೆಕಟ್ಟಿನ ಹಿನ್ನೀರು ಬಂದು ಹೊಲದ ಆ ತುದಿ ನೀರೊಳಗೆ ಹೋಯಿತು.

ಮಾಸ್ತರರು ಕೊಡುತ್ತೇನೆಂದ ಫೋಟೋ ಬರಲಿಲ್ಲ. ಅಷ್ಟೊಂದು ಹಕ್ಕಿಗಳ ಫೋಟೋ ತೆಗೆದ ಮನುಷ್ಯನದು ಒಂದೂ ಫೋಟೋ ನಮ್ಮ ಮನೆಯಲ್ಲಿಲ್ಲ. ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ. ಕಣಿಕೆಯ ಕೆಳಗಿನಿಂದ ಬರುತ್ತಿದ್ದ ದನಿಯಷ್ಟೇ ನೆನಪಿದೆ. ನೀವು ಓದಿದವರು, ಹೃದಯ ನಿಂತಿತು ಅಷ್ಟೇ ಎನ್ನುತ್ತೀರಿ. ಇರಬಹುದು. ನಾನೂ ನಲವತ್ತು ವರ್ಷ ಹಾಗೆಯೇ ಹೇಳಿಕೊಂಡಿದ್ದೇನೆ. ಆದರೆ ಮೊನ್ನೆ ನಿಮ್ಮ ಅಪ್ಪ ಆ ದಸ್ತಿಗೆ ಕೈ ಚಾಚಿದಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾವು ಹುನಗುಂದದಲ್ಲಿ ಇಳಿದೆವು. ಬಸ್ಸು ಇಳಕಲ್ ಕಡೆಗೆ ಹೊರಟಿತು. ನೀವು ಮುಂದೆ ನಡೆದಿರಿ, ನಾನು ನಿಂತು ಹೊರಳಿ ನೋಡಿದೆ. ಮಂದಿ ನಿಂತೇ ಇದ್ದರು. ಆ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ನನ್ನ ಟ್ರಂಕಿನ ತಳದಲ್ಲಿ ಕತ್ತರಿಸಿದ ಒಂದು ಕೆಂಪು ಸೆರಗು ಇದೆ. ಈ ಹಾಳೆಗಳನ್ನು ಅದರಲ್ಲಿ ಸುತ್ತಿ ಅಲ್ಲೇ ಇಡಿ, ನುಸಿ ಹಿಡಿಯದಂತೆ ಆಗಾಗ ಬಿಸಿಲು ತೋರಿಸಿ. ನಾನಿರುವತನಕ ನಿಮ್ಮ ಅಪ್ಪನ ಕೈಗೆ ಕೊಡಬೇಡಿ.