ನನ್ನ ತೊಡೆಯ ಮೇಲಿಂದ ಓಗೊಟ್ಟವಳು

ಕರೆದರೆ ಓಗೊಡದ ಮಗು ನನ್ನದು. ಹಿತ್ತಲಿನಲ್ಲಿ ಕೂತು ಇರುವೆ ಸಾಲನ್ನು ನೋಡುತ್ತಿರುವಾಗ ನಾನು ನಡುಮನೆಯಿಂದ ಎಷ್ಟು ಸಲ ಕರೆದರೂ ತಲೆ ಎತ್ತುತ್ತಿರಲಿಲ್ಲ. "ನಿನ್ನ ಕೂಗು ಕೂಗಿನ ಹಾಗಿದ್ರೆ ತಾನೆ ಅದಕ್ಕೆ ಕೇಳ್ಸೋದು," ಎಂದು ನಮ್ಮತ್ತೆ ನಗುತ್ತಿದ್ದರು. ಅವರು ಹೇಳುವುದು ನಿಜ. ದಂಡುಪ್ರದೇಶದ ಕಾನ್ವೆಂಟಿನಲ್ಲಿ ಓದುವಾಗ ನಾನು ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚುವುದನ್ನು, ಅಳು ಬಂದರೆ ಕರವಸ್ತ್ರದೊಳಗೆ ಅಳುವುದನ್ನು, ಯಾರನ್ನಾದರೂ ಕರೆಯಬೇಕಿದ್ದರೆ ಎದ್ದು ಅವರ ಹತ್ತಿರ ಹೋಗಿ ಮೆಲ್ಲಗೆ ಕರೆಯುವುದನ್ನು ಕಲಿತಿದ್ದೆ. ಚಾಮರಾಜಪೇಟೆಯ ಮನೆಗೆ ಸೊಸೆಯಾಗಿ ಬಂದು, ಒಂದು ಮಗುವಿನ ತಾಯಿಯಾದ ಮೇಲೂ ಆ ಗಂಟಲು ಹಾಗೇ ಉಳಿಯಿತು.

ಜರ್ಮನಿಯವರ ಯುದ್ಧ ಮುಗಿದ ಹೊಸತರಲ್ಲಿ ಧಾರವಾಡದ ಕಡೆಯ ಒಂದು ನಾಟಕದ ಕಂಪನಿ ಬಂದು ಕೋಟೆಯ ಹತ್ತಿರದ ಬಯಲಿನಲ್ಲಿ ಡೇರೆ ಹಾಕಿತು. ಭಾನುವಾರ ಮಧ್ಯಾಹ್ನ ಹೆಂಗಸರಿಗೂ ಮಕ್ಕಳಿಗೂ ಎಂದೇ ಒಂದು ಆಟ ಇಟ್ಟಿದ್ದರು. ಹೋಗಲೇ ಎಂದು ನಾನು ಕೇಳಿದಾಗ ನಮ್ಮ ಯಜಮಾನರು ಪೇಟ ಸುತ್ತಿಕೊಳ್ಳುತ್ತಿದ್ದರು.

"ನಾಲ್ಕು ವರ್ಷದ ಮಗೂಗೆ ನಾಟಕ ಏನು ತಿಳಿಯುತ್ತೆ? ಅರ್ಧ ಆಟ ನಿದ್ದೆ ಮಾಡತ್ತೆ, ಇನ್ನರ್ಧ ಆಟ ನೀನು ಅದನ್ನ ಎತ್ಕೊಂಡು ಹೊರಗೆ ನಿಂತಿರ್ತೀಯ. ಜಟಕಾ ಬಾಡಿಗೆ, ಟಿಕೀಟು, ಎಲ್ಲಾ ದಂಡ."

"ತೊಡೆ ಮೇಲೆ ಕೂರೋ ಮಗೂಗೆ ಟಿಕೀಟಿಲ್ವಂತೆ," ಎಂದೆ.

"ಹೋಗಿ ಬರ್ಲಿ ಬಿಡೋ," ಎಂದರು ಅತ್ತೆ. "ನಿಂಗೂ ಚಿಕ್ಕೋನಿದ್ದಾಗ ತೊಗಲುಗೊಂಬೆ ಆಟ ತೋರಿಸಿರ್ಲಿಲ್ವೇ?"

"ತೋರಿಸಿದ್ದಿರಬಹುದು. ಏನು ನೋಡಿದೆ ಅಂತ ಒಂದಿಷ್ಟೂ ನೆನಪಿಲ್ವಲ್ಲಮ್ಮ. ಅದಕ್ಕೇ ದಂಡ ಅಂದಿದ್ದು."

"ನಿಂಗಿಲ್ಲ, ನಂಗಿದೆ. ಆಟ ಮುಗಿಯೋವರ್ಗೂ ನನ್ನ ಸೆರಗಲ್ಲಿ ಮುಖ ಮುಚ್ಕೊಂಡಿದ್ದೆ."

ಅವರು ಕೊಡೆ ಹುಡುಕಿಕೊಂಡು ಕಚೇರಿಗೆ ಹೊರಟರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದ ಮುದುಕಿ ನನ್ನ ಸೊಂಟದ ಮೇಲಿದ್ದ ಮಗಳ ಕಾಲನ್ನು ಮುಟ್ಟಿ ನೋಡಿ, "ಉದ್ದ ಇದೆಯಲ್ಲಮ್ಮ ಕಾಲು," ಎಂದಳು. ಮಗಳು ತಕ್ಷಣ ಎರಡೂ ಪಾದಗಳನ್ನು ಲಂಗದೊಳಗೆ ಎಳೆದುಕೊಂಡಳು. ಮುದುಕಿ ನಕ್ಕು ಒಳಗೆ ಬಿಟ್ಟಳು. ಬೆಂಚಿನ ಮೇಲೆ ಕೂತಾಗ ಮಗಳು ನನ್ನ ತೊಡೆಯ ಮೇಲೆ ಬೆಚ್ಚಗೆ, ಭಾರವಾಗಿ ಕೂತಳು. ಅವಳ ಕೂದಲಲ್ಲಿ ಬೆಳಿಗ್ಗೆ ಹಾಕಿದ ಹರಳೆಣ್ಣೆಯ ವಾಸನೆ ಇನ್ನೂ ಇತ್ತು. ಇದೊಂದಕ್ಕೇ ಬಂದ ಖರ್ಚು ಸಂದಿತು ಎಂದುಕೊಂಡೆ. ಮನೆಯಲ್ಲಿ ಅವಳು ನನ್ನ ತೊಡೆಯ ಮೇಲೆ ಅಷ್ಟು ಹೊತ್ತು ಕೂತದ್ದೇ ಇಲ್ಲ.

ಕಥೆ ಸಾಮಾನ್ಯದ್ದು. ರಾಣಿಯ ಎಳೆಯ ಮಗಳನ್ನು ಶತ್ರುಗಳು ಕದ್ದೊಯ್ಯುತ್ತಾರೆ. ರಾಣಿ ಕಾಡು ಕಾಡು ಅಲೆಯುತ್ತಾಳೆ. ರಾಣಿಯ ವೇಷ ಹಾಕಿದವನು ಗಂಡಸು ಎಂಬುದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಆದರೂ ಅವನು ಸೆರಗನ್ನು ಬೆರಳ ತುದಿಯಿಂದ ಸರಿಮಾಡಿಕೊಂಡ ರೀತಿಯನ್ನು ನಾವೆಲ್ಲ ನೋಡಿ ಇಟ್ಟುಕೊಂಡೆವು. ಮೇಲಿನ ಸ್ವರಕ್ಕೆ ಹೋಗುವಾಗ ನತ್ತು ಅಲುಗದ ಹಾಗೆ ಅದನ್ನು ಒಂದು ಬೆರಳಿನಿಂದ ಹಿಡಿದುಕೊಳ್ಳುತ್ತಿದ್ದ. ಹಿಂದಿನ ಕಾಡಿನ ಪರದೆಯ ಮೇಲೆ ಮಡಿಕೆಯ ಗೆರೆ ಬಿದ್ದು, ಬರೆದ ಹುಲಿಯ ಮೂತಿ ಎರಡು ತುಂಡಾಗಿತ್ತು.

ಹಾರ್ಮೋನಿಯಂ ನಿಂತಿತು. ರಾಣಿ ರಂಗದ ಅಂಚಿಗೆ ಬಂದು ಎರಡೂ ತೋಳು ಚಾಚಿ, ಹಾಡದೆ, ಬರೀ ಮಾತಿನಲ್ಲಿ ಕರೆದಳು. "ಎಲ್ಲಿದ್ದೀಯೆ ನನ್ನ ಕಂದಾ? ಅಮ್ಮ ಬಂದಿದ್ದೇನೆ, ಓ ಅನ್ನಬಾರದೆ?"

ಕಡಲೆಪುರಿ ಮಾರುವವನೂ ಬುಟ್ಟಿ ಹಿಡಿದು ನಿಂತುಬಿಟ್ಟಿದ್ದ.

"ಓ!" ಎಂದಳು ನನ್ನ ಮಗಳು. "ಇಲ್ಲಿದೀನಮ್ಮಾ!"

ಡೇರೆಗೆ ಡೇರೆಯೇ ನಕ್ಕಿತು. ರಾಣಿ ನಗಲಿಲ್ಲ. ನಮ್ಮ ಕಡೆಗೆ ಕಿವಿಗೊಟ್ಟು, ಎದೆಯ ಮೇಲೆ ಕೈಯಿಟ್ಟು, "ಯಾರೋ ಓಗೊಟ್ಟಂತಾಯಿತಲ್ಲಾ," ಎಂದಳು. ನಗುತ್ತಿದ್ದ ಹೆಂಗಸರು ಹಾಗೆಯೇ ಅಳಲು ಶುರುಮಾಡಿದರು. ಮಗಳು ನನ್ನ ತೊಡೆಯಿಂದ ಇಳಿಯಲು ಒದ್ದಾಡಿದಳು. ನಾನು ಅವಳ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೇಳಿದಳು: "ಬಿಡೂ, ಅಮ್ಮ ಕರೀತಿದಾಳೆ."

ಇದನ್ನು ಹೇಳಿದ್ದು ನನಗೆ.

ಅವಳನ್ನು ಎತ್ತಿಕೊಂಡು ಹೊರಗೆ ಬಂದೆ. ಕಡೆಯ ಅಂಕ ಇನ್ನೂ ಬಾಕಿ ಇತ್ತು. ಜಟಕಾದಲ್ಲಿ ಅವಳು ಡೇರೆ ಮರೆಯಾಗುವವರೆಗೂ ಹಿಂದಕ್ಕೇ ನೋಡುತ್ತಿದ್ದಳು.

ಸಂಗತಿ ಕೇಳಿ ಯಜಮಾನರು ಚಾಪೆಯ ಮೇಲೆ ಉರುಳಿ ನಕ್ಕರು. "ಹಾಗಾದ್ರೆ ದುಡ್ಡು ವಸೂಲಾಯ್ತು ಬಿಡು! ಮಗೂಗೆ ಏನೂ ತಿಳಿಯಲ್ಲ ಅಂದಿದ್ದೆ, ನಂದೇ ತಪ್ಪು."

"ನಿಮ್ಮದೇ ಸರಿ. ದಂಡ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅತ್ತೆ ಒಲೆಯ ಮುಂದೆ ನನ್ನ ಮುಖವನ್ನೇ ನೋಡಿದರು. "ಏನೇ ಇದು? ಮೀಸೆ ಬರೋ ಗಂಡಸಿನ ಮೇಲೆ ಸವತಿ ಹೊಟ್ಟೆಕಿಚ್ಚೇ ನಿಂಗೆ?"

"ಅಯ್ಯೋ, ಹೋಗಿ ಅತ್ತೆ."

ಆದರೆ ಅವರು ಇಟ್ಟ ಹೆಸರು ಸರಿಯಾಗಿಯೇ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಇಬ್ಬರು ಅಮ್ಮಂದಿರಾದರು. ತಲೆ ಬಾಚಲು ಕೂರಿಸಿದರೆ, "ಆ ಅಮ್ಮ ಹಾಡ್ತಾಳೆ." ಸಜ್ಜಿಗೆ ಮಾಡಿಕೊಟ್ಟರೆ, "ಆ ಅಮ್ಮಂಗೂ ಇಡು." ಮಲಗಿಸುವಾಗ, "ಆ ಅಮ್ಮನ ಪುಟ್ಟಿ ಸಿಕ್ಕಿದ್ಲಾ?" ಸಿಕ್ಕಿದಳು ಎಂದು ನಾನು ಹೇಳಿದರೆ ನಂಬುತ್ತಿರಲಿಲ್ಲ. "ನೀನೂ ನೋಡಿಲ್ವಲ್ಲ," ಎನ್ನುತ್ತಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಆ ರಾಣಿಯ ಕುಂದುಗಳನ್ನು ಹುಡುಕುತ್ತಿದ್ದೆ: ಮಣಿಕಟ್ಟು ದಪ್ಪ, ನಡೆಯುವಾಗ ಹಿಮ್ಮಡಿಯ ಸದ್ದು, ಅಳುವಾಗ ಕಣ್ಣಲ್ಲಿ ನೀರಿಲ್ಲ. ತೋಳು ಚಾಚಿ ಅಷ್ಟು ದೊಡ್ಡದಾಗಿ ಕರೆಯುವುದು ಯಾರಿಗೆ ಬರುವುದಿಲ್ಲ? ಹಾಗೆ ಕರೆಯಲು ಅವನಿಗೆ ಸಂಬಳ ಕೊಡುತ್ತಾರೆ.

ನಮ್ಮ ಹಿತ್ತಲ ಹಿಂದೆ ಒಂದು ಸಣ್ಣ ಓಣಿ, ಅದರಾಚೆಯ ಮನೆಯನ್ನೇ ಕಂಪನಿಯವರು ಬಾಡಿಗೆಗೆ ಹಿಡಿದಿದ್ದಾರೆಂದು ಒಂದು ಬೆಳಿಗ್ಗೆ ಹೂವಿನವಳು ಹೇಳಿದಳು. ನನಗೆ ಸಂತೋಷವಾಯಿತು. ಮಗಳನ್ನು ಎತ್ತಿಕೊಂಡು ಹೋಗಿ, ಬಸಳೆ ಬಳ್ಳಿ ಹಬ್ಬಿದ ಹಿತ್ತಲ ಗೋಡೆಯ ಮರೆಯಲ್ಲಿ ನಿಂತು, ಅವಳನ್ನು ಅದರ ಮೇಲೆ ಕೂರಿಸಿ, ಬಳ್ಳಿಯ ಸಂದಿಯಿಂದ ನೋಡಿದೆ. ಆಚೆಯ ಅಂಗಳದಲ್ಲಿ ರಾಣಿಯ ವೇಷದವನಿದ್ದ. ಕಚ್ಚೆಪಂಚೆ, ಬರಿ ಮೈ, ಬೆನ್ನ ತುಂಬ ಒದ್ದೆ ಕೂದಲು. ಕಂಬಕ್ಕೆ ಕನ್ನಡಿ ಸಿಕ್ಕಿಸಿ, ಕೆನ್ನೆಗೆ ಸೋಪು ಬಳಿದುಕೊಂಡು ಕತ್ತಿ ಆಡಿಸುತ್ತಿದ್ದ.

"ನೋಡು," ಎಂದೆ. "ನೋಡು ನಿನ್ನ ಅಮ್ಮನ್ನ."

ಮಗಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, ಯಾರೋ ಮಲಗಿದ್ದಾರೆಂಬಂತೆ ಪಿಸುಗುಟ್ಟಿದಳು: "ಅಮ್ಮ ಗಡ್ಡ ಹೆರ್ಕೋತಿದಾಳೆ."

ಅಷ್ಟೇ. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಮಗುವಿನ ಪಿಸುಮಾತು ಆ ಸಣ್ಣ ಓಣಿಯನ್ನು ದಾಟಿ ಅವನಿಗೆ ಕೇಳಿಸಿತು. ಮರೆಯಲ್ಲಿ ಹೆಂಗಸೊಬ್ಬಳು ನಿಂತಿದ್ದಾಳೆಂದು ತಿಳಿದು, ಟವಲನ್ನು ಹೆಗಲ ಮೇಲೆ ಎಳೆದುಕೊಂಡು, ಕನ್ನಡಿಗೇ ಮುಖ ಮಾಡಿಕೊಂಡು ಮಗಳನ್ನು ಮಾತಾಡಿಸಿದ.

"ಅವತ್ತ ಓ ಅಂದಾಕಿ ನೀನೇ ಏನವ್ವಾ?"

"ಹೂಂ."

"ಊರೂರಾಗ ಕರದೀನಿ. ಎಲ್ಲಾರೂ ಅಳತಾರ, ಯಾರೂ ಓ ಅನ್ನಂಗಿಲ್ಲ. ನೀ ಒಬ್ಬಾಕಿನ ಅಂದಿ ನೋಡು."

"ನಿನ್ನ ಪುಟ್ಟಿ ಸಿಕ್ಲಾ?"

"ಸಿಕ್ಕಳವ್ವಾ, ಕಡೀ ಅಂಕದಾಗ ಸಿಕ್ಕಳು. ನಾಳೆ ಮತ್ತ ಕಳೀತಾಳ." ಕತ್ತಿಯನ್ನು ನೀರಿನಲ್ಲಿ ಅದ್ದಿ ಅಲುಗಿಸಿದ. "ನಿಮ್ಮವ್ವಗ ಹೇಳು, ಇನ್ನೊಂದ ಸಲ ಕರಕೊಂಡು ಬಾ ಅಂತ. ಕಡೀತನಕಾ ಕುಂದರ್ರಿ."

ಅವನ ಮಾತು ಮೆತ್ತಗಿತ್ತು. ಒರಟಾಗಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನನ್ನ ಮಗಳ ಒಂದು 'ಓ' ಅವನಿಗೆ ಅಷ್ಟು ದೊಡ್ಡದೆಂದು ತಿಳಿದ ಮೇಲೆ ಅದು ನನಗೆ ಇನ್ನೂ ದೊಡ್ಡದಾಯಿತು. ಮಗಳನ್ನು ಇಳಿಸಿಕೊಂಡು ಒಳಗೆ ಬಂದೆ.

ಅವಳು ಆ ವಾರವೆಲ್ಲ ಕಾಡಿದಳು. ಈ ಸಲ ಯಜಮಾನರೇ, "ಕರ್ಕೊಂಡು ಹೋಗೇ, ಜಟಕಾ ನಾನು ಹೇಳ್ತೀನಿ," ಎಂದರು. ನಾನು, ಬಿಸಿಲು, ನೆಗಡಿ, ಮನೆ ತುಂಬ ಕೆಲಸ ಎಂದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಮುಂದಿನ ಭಾನುವಾರದ ಆಟ ಹಾಗೇ ಕಳೆಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ಓಣಿಯಲ್ಲಿ ಎತ್ತಿನ ಗಾಡಿಗಳು ನಿಂತವು. ಸುರುಳಿ ಸುತ್ತಿದ ಪರದೆಗಳು, ತಗಡಿನ ಪೆಟ್ಟಿಗೆಗಳು, ಹಾರ್ಮೋನಿಯಂ. ಮಗಳು ಬಸಳೆ ಗೋಡೆಯ ಹತ್ತಿರ ಹೋಗಿ ನಿಂತಳು. ಅವಳಿಗೆ ಗೋಡೆಯಾಚೆ ಕಾಣುತ್ತಿರಲಿಲ್ಲ. ಎತ್ತಿಕೋ ಎಂದು ನನ್ನನ್ನು ಕೇಳಲೂ ಇಲ್ಲ.

ಎರಡು ದಿನ ಆ ಅಮ್ಮನ ಸುದ್ದಿಯೇ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡು ಹೋಳಿಗೆ ಮಾಡಿದೆ. ಅರ್ಧ ತಿಂದು ಇಟ್ಟಳು.

ಅದಾದ ಮೇಲೆ ಒಂದು ಮಧ್ಯಾಹ್ನ, ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು, ನಾನು ಅಕ್ಕಿ ಆರಿಸುತ್ತಿದ್ದೆ. ಮಗಳು ನನ್ನ ಹಳೆಯ ವಸ್ತ್ರವೊಂದನ್ನು ಹೆಗಲ ಮೇಲಿಂದ ಇಳಿಬಿಟ್ಟುಕೊಂಡು ಬಂದು ಮುಂದೆ ನಿಂತಳು.

"ಏಳು. ಬಚ್ಚಿಟ್ಕೋ."

"ಯಾಕೇ?"

"ನೀನು ಪುಟ್ಟಿ. ಕಳ್ಳರು ನಿನ್ನ ಎತ್ಕೊಂಡು ಹೋಗಿದಾರೆ. ನಾನು ಅಮ್ಮ. ಕಡೀ ಅಂಕ ಇದು."

"ಅಕ್ಕಿ ಇದೆಯಲ್ಲೇ..."

"ಹೋಗೇ, ಹೋಗೇ," ಎಂದರು ಅತ್ತೆ ಜಗಲಿಯಿಂದ. "ಅಕ್ಕಿ ಎಲ್ಲಿಗೂ ಓಡಿ ಹೋಗಲ್ಲ. ಟಿಕೀಟಿಲ್ದೆ ಆಟ ತೋರಿಸ್ತಿದಾಳೆ."

ಉಗ್ರಾಣದ ಕೋಣೆಯಲ್ಲಿ, ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ಕೂತೆ. ಅಲ್ಲಿ ಕತ್ತಲೆ, ಬೇವಿನೆಲೆಯ ವಾಸನೆ. ಮೊಣಕಾಲನ್ನು ಎದೆಗೆ ಒತ್ತಿಕೊಂಡರೂ ಸೀರೆಯ ಅಂಚು ಹೊರಗೆ ಕಾಣುತ್ತಿತ್ತು. ಅದನ್ನು ಒಳಗೆ ಎಳೆದುಕೊಂಡೆ.

ಅವಳು ದೇವರ ಮನೆಯಲ್ಲಿ ಹುಡುಕಿದಳು. ಬಚ್ಚಲಲ್ಲಿ ಹುಡುಕಿದಳು. ಆಮೇಲೆ ನಡುಮನೆಯ ಮಧ್ಯೆ ಹೆಜ್ಜೆ ನಿಂತಿತು. ವಾಡೆಯ ಸಂದಿಯಿಂದ ಅವಳು ನನಗೆ ಕಾಣುತ್ತಿದ್ದಳು: ಎರಡು ಸಣ್ಣ ತೋಳು ಚಾಚಿದ್ದಾಳೆ, ಮೂಗಿನಲ್ಲಿ ಇಲ್ಲದ ನತ್ತನ್ನು ಹಿಡಿಯಲು ಒಂದು ಬೆರಳು ಏರಿ ಮತ್ತೆ ಇಳಿಯಿತು. ಅವನದೇ ಬೆರಳು, ಅವನದೇ ನಿಲುವು.

"ಎಲ್ಲಿದ್ದೀಯೆ ನನ್ನ ಕಂದಾ? ಅಮ್ಮ ಬಂದಿದ್ದೀನಿ, ಓ ಅನ್ನಬಾರ್ದೆ?"

ನನ್ನನ್ನು ಆ ತನಕ ಯಾರೂ ಹಾಗೆ ಕರೆದಿರಲಿಲ್ಲ. ಗಂಟಲಿನವರೆಗೆ 'ಓ' ಬಂದಿತ್ತು. ಬಾಯಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ಕೂತೆ.