ಮಹಡಿ ಮನೆಯ ವಾಲ್ಟ್ಜ್

ಆರ್.ಟಿ. ನಗರದ ತಮ್ಮ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ನನಗೆ ಪಿಯಾನೋ ಕಲಿಸಿದ ಮೇಷ್ಟ್ರು ಭಾರಿ ಆಳು. ಅವರು ಹೆಜ್ಜೆ ಹಾಕಿದರೆ ಶೋಕೇಸಿನ ಗಾಜು ಗಲಗಲ ಅನ್ನುತ್ತಿತ್ತು.

ನಾನು ಕಲಿಯುತ್ತಿದ್ದದ್ದು ಒಂದು ಫ್ರೆಂಚ್ ವಾಲ್ಟ್ಜ್. ಪ್ಯಾರಿಸಿನ ಡ್ಯಾನ್ಸ್ ಹಾಲುಗಳಲ್ಲಿ ಜೋಡಿಗಳು ಸುತ್ತುತ್ತಿದ್ದ ಕುಣಿತದ ಸಂಗೀತವನ್ನು ಕೇಳಿ ಯಾರೋ ಪಿಯಾನೋಗೆಂದು ಬರೆದದ್ದು. ನನ್ನ ಕೈಯಲ್ಲಿ ಅದು ಪ್ರತಿಸಲವೂ ಅರ್ಧದಲ್ಲೇ ಎಡವಿ ನಿಲ್ಲುತ್ತಿತ್ತು. “ಕಾಲಿಗೆ ಬರದೆ ಕೈಗೆ ಬರಲ್ಲ ಕಣ್ರೀ” ಎನ್ನುತ್ತಾ ಮೇಷ್ಟ್ರು ಎದ್ದು, ಇಲ್ಲದ ಜೊತೆಗಾತಿಯ ಸೊಂಟಕ್ಕೆ ಕೈಯಿಟ್ಟು ಸುತ್ತತೊಡಗುತ್ತಿದ್ದರು.

ಒಂದು ಸಂಜೆ ಕೆಳಗಿನಿಂದ ಮನೆಯ ಮಾಲೀಕರು ಹತ್ತಿ ಬಂದರು. “ನಮ್ ಫ್ಯಾನ್ ಅಲ್ಲಾಡ್ತಿದೆ ಕಣ್ರೀ. ಮನೆ ಖಾಲಿ ಮಾಡ್ಬಿಡಿ.”

“ಒಳ್ಳೆ ಟೈಮಿಗೆ ಬಂದ್ರಿ ಸಾರ್. ಜೋಡಿ ಇಲ್ದೆ ಒದ್ದಾಡ್ತಿದ್ದೆ” ಎಂದು ಮೇಷ್ಟ್ರು ಅವರ ಕೈ ಹಿಡಿದೇಬಿಟ್ಟರು. ನನ್ನತ್ತ ತಿರುಗಿ, “ನೀವು ನುಡಿಸ್ತಾ ಇರಿ, ನಿಲ್ಲಿಸ್ಬೇಡಿ” ಎಂದರು.

ನಿಲ್ಲಿಸಿದರೆ ಮಾಲೀಕರು ಮತ್ತೆ ಬಾಯಿ ತೆರೆಯುತ್ತಾರೆ. ಮೇಷ್ಟ್ರ ಮನೆ ಹೋಗುತ್ತದೆ, ನನ್ನ ಪಾಠವೂ ಹೋಗುತ್ತದೆ. ಆ ಭಯಕ್ಕೆ ನನ್ನ ಬೆರಳುಗಳು ಎಡವುವುದನ್ನೇ ಮರೆತವು. ಓರೆಗಣ್ಣಿನಲ್ಲಿ ನೋಡಿದರೆ, ಮೇಷ್ಟ್ರು ಮುಂದೊತ್ತಿದಂತೆಲ್ಲ ಪಂಚೆ ಎತ್ತಿ ಕಟ್ಟಿದ ಮಾಲೀಕರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಗೋಡೆ, ಸೋಫಾ, ಫ್ರಿಜ್ಜುಗಳನ್ನೆಲ್ಲ ಬೆನ್ನಿನಿಂದಲೇ ಮುಟ್ಟಿ ಬರುತ್ತಿದ್ದರು. ಮೊದಲ ಸಲ ನಾನು ಕೊನೆಯ ಸ್ವರದವರೆಗೂ ತಲುಪಿದೆ.

ಮಾಲೀಕರು ಏದುಸಿರು ಬಿಡುತ್ತಾ ಗೋಡೆಗೆ ಒರಗಿದರು. ನಾವಿಬ್ಬರೂ ತೀರ್ಪಿಗೆ ಕಾದೆವು.

“ಏನ್ರೀ ಇದು” ಎಂದರು ಅವರು. “ಮನೆ ನಂದು, ಹಿಂದಕ್ಕೆ ಹೋಗೋನೂ ನಾನೇನಾ? ಇನ್ನೊಂದ್ಸಲ ಬಾರಿಸಿ. ಈ ಸಲ ಮೇಷ್ಟ್ರು ಹಿಂದಕ್ಕೆ ಹೋಗ್ಲಿ.”